ಎಡಗಡೆಯ ಸೈಲೆನ್ಸರ್

ಲಾರಿಗೆ ಒಂದು ಸೈಲೆನ್ಸರ್ ಸಾಕೋ ಎರಡು ಬೇಕೋ ಎಂದು ಕೇಳಿದ್ದಕ್ಕೆ ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಸರಿಯಾಗಿಯೇ ಹೇಳಿದ್ದರು. ಕೇಳುವ ಬುದ್ಧಿ ನನಗಿರಲಿಲ್ಲ.

ಹಳೆಯ ಪೈಪು ತುಕ್ಕು ಹಿಡಿದು ಚಿಂತಾಮಣಿ ರಸ್ತೆಯಲ್ಲಿ ಕಳಚಿ ಬಿದ್ದಿತ್ತು. ಟೊಮೇಟೊ ಲೋಡು ಇಳಿಸಿ, ಪೈಪನ್ನು ತಂತಿಯಲ್ಲಿ ಕಟ್ಟಿಕೊಂಡು ಅವರ ಶೆಡ್ಡಿಗೆ ಹೋದೆ.

"ನಿಮ್ದು ಗಾಡಿಗೆ ಸಿಂಗಲ್ಲೇ ಸಾಕು ಭಾಯ್. ಡಬಲ್ ಹಾಕಿದ್ರೆ ಎಳೆಯೋದೇನೂ ಜಾಸ್ತಿ ಆಗಲ್ಲ, ಸೌಂಡ್ ಅಷ್ಟೇ," ಎಂದರು.

ಸೌಂಡೇ ತಾನೇ ನನಗೆ ಬೇಕಾಗಿದ್ದು! ಮಂಡಿಯಲ್ಲಿ ನನ್ನ ಜೊತೆ ಲೋಡಿಗೆ ನಿಲ್ಲುವವನೊಬ್ಬ ಎರಡೂ ಕಡೆ ಪೈಪು ಹಾಕಿಸಿಕೊಂಡು ಗುಡುಗುಡು ಎಂದು ಬರುತ್ತಿದ್ದ. ನಾನೇನು ಅವನಿಗಿಂತ ಕಮ್ಮಿಯೇ? "ಎರಡು ಹಾಕಿ ಭಾಯ್, ಬಲಕ್ಕೊಂದು ಎಡಕ್ಕೊಂದು," ಎಂದೆ. ಕೊಬ್ಬು, ಇನ್ನೇನು.

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಲಾರಿ ನಿಲ್ಲುವುದು ರೇಷ್ಮೆ ಹುಳದ ಮನೆಯ ಪಕ್ಕಕ್ಕೆ. ಹುಳ ಸಾಕುತ್ತಿದ್ದವಳು ನಮ್ಮಕ್ಕ. ಗೌರಿಬಿದನೂರಿನ ಗಂಡನ ಮನೆಯಲ್ಲಿ ಎರಡು ಸಲ ರೇಷ್ಮೆ ಬೆಳೆ ಕೈಕೊಟ್ಟಾಗ ಅತ್ತೆ, "ನಿನ್ನ ಕೈಗುಣಾನೇ ಸರಿ ಇಲ್ಲ" ಎಂದಿದ್ದರು. ಅದೇ ಮಾತು ಬೆಳೆದು ಅವಳು ತವರಿಗೆ ಬಂದಿದ್ದಳು. "ಒಂದು ಬೆಳೆ ನನ್ನ ಕೈಲಿ ಗೂಡು ಕಟ್ಲಿ ಕಣೋ, ಸಾಕು," ಎನ್ನುತ್ತಿದ್ದಳು. ಹುಳಕ್ಕೆ ಹೊಗೆ, ವಾಸನೆ ಆಗುವುದಿಲ್ಲವೆಂದು ಮನೆಯಲ್ಲಿ ಊದುಬತ್ತಿ ಬಂದ್, ಒಗ್ಗರಣೆ ಬಂದ್, ನನ್ನ ಬೀಡಿ ಊರಾಚೆ. ಹುಳಗಳು ಕೊನೆಯ ಪೊರೆ ಬಿಟ್ಟು ಬೆರಳುದ್ದ ಬೆಳೆದಿದ್ದವು. ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕಿತ್ತು.

ಬೆಳಗ್ಗೆ ಅಕ್ಕ ಸೊಪ್ಪಿಗೆಂದು ತೋಟಕ್ಕೆ ಹೋದ ಮೇಲೆ ನಾನು ಲಾರಿ ಸ್ಟಾರ್ಟ್ ಮಾಡುತ್ತಿದ್ದೆ. ಬ್ರೇಕಿಗೆ ಗಾಳಿ ಏರುವವರೆಗೂ ಇಂಜಿನ್ ಓಡುತ್ತಲೇ ಇರಬೇಕು. ಹಳೆಯ ಪೈಪಿನ ಹೊಗೆ ಬಲಕ್ಕೆ, ರಸ್ತೆಗೆ ಹೋಗುತ್ತಿತ್ತು. ಹೊಸದಾಗಿ ಎಡಕ್ಕೆ ಬಂದ ಪೈಪಿನ ಬಾಯಿ ಯಾವ ಕಡೆಗಿದೆ ಎಂದು ಒಂದು ದಿನವೂ ಇಳಿದು ನೋಡಲಿಲ್ಲ. ಸೌಂಡ್ ಕೇಳುತ್ತಾ ಸೀಟಿನಲ್ಲಿ ಕೂತಿದ್ದೆ.

ಮೂರನೆಯ ದಿನ ಹುಳ ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಹಸಿರು ನೀರು ಕಕ್ಕಿದವು. ಸಂಜೆ ಹೊತ್ತಿಗೆ ತಟ್ಟೆಗಟ್ಟಲೆ ಸತ್ತುಹೋದವು. ಲಾರಿ ನಿಲ್ಲುವ ಕಡೆಯ ಕಿಟಕಿಯ ಪರದೆಯ ಮೇಲೆ ಕೈಯಿಟ್ಟೆ. ಬೆರಳಿಗೆ ಮಸಿ ಹತ್ತಿತು. ಅಯ್ಯೋ, ನನ್ನ ಜೀವ ಅಲ್ಲೇ ಹೋಗಬಾರದಿತ್ತೆ! ಹೇಳಿಬಿಡೋಣ ಎಂದು ತಿರುಗಿದರೆ, ಅಕ್ಕ ತನ್ನ ಎರಡೂ ಅಂಗೈಗಳನ್ನು ನೋಡುತ್ತಾ ಕೂತಿದ್ದಳು.

"ಅವ್ರು ಹೇಳಿದ್ದೇ ನಿಜ ಕಣಪ್ಪ. ನನ್ನ ಕೈಯೇ ಸರಿ ಇಲ್ಲ."

ಅವಳು ಒಳಗೆ ಹೋದ ಮೇಲೆ ನಾನು ಟವೆಲ್ ಒದ್ದೆ ಮಾಡಿ ಪರದೆ ಒರೆಸಿಬಿಟ್ಟೆ. ಹೇಡಿ ನನ್ಮಗ ನಾನು. ಮಾರನೆಯ ದಿನವೇ ಎಡಗಡೆಯ ಪೈಪು ಬಿಚ್ಚಿಸಿದೆ. ಯಾಕೆಂದು ಅಕ್ಕ ಕೇಳಲೂ ಇಲ್ಲ. ಅವಳು ಮತ್ತೆ ಹುಳದ ಮನೆಗೆ ಕಾಲಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

ಈಚೆಗೆ ನನಗೆ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಮಗುವನ್ನು ಅಕ್ಕನಿಗೆ ಕೊಡಹೋದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದೆ ಸರಿದಳು.

"ಬೇಡ ಕಣಪ್ಪ, ಎಳೇ ಮಗು. ಬೇರೆ ಯಾರಾದ್ರೂ ಎತ್ಕೊಳ್ಲಿ," ಎಂದಳು.

ಆಗಲೂ ನಾನು ಹೇಳಲಿಲ್ಲ.