ಕಾಲುಸಂಕದ ವಿಡಿಯೊ

ಎಂಬತ್ತೈದು ದಾಟಿದವರ ಮನೆಗೇ ಹೋಗಿ ಓಟು ಹಾಕಿಸಿಕೊಂಡು ಬರುವ ಚುನಾವಣಾ ಡ್ಯೂಟಿ ನನಗೆ ಬಿದ್ದಿತ್ತು. ಬೈಂದೂರಿನ ಹತ್ತಿರ ಅಂಥ ಒಂದು ಮನೆ ಹೊಳೆಯ ಆಚೆ. ದಾಟುವುದಕ್ಕೆ ಇದ್ದದ್ದು ತೆಂಗಿನ ಮರ ಅಡ್ಡ ಹಾಕಿದ ಕಾಲುಸಂಕ, ಕೈಗೆ ಆಧಾರವಾಗಿ ಒಂದು ಹಗ್ಗ. ಜೊತೆಗಿದ್ದ ಪೊಲೀಸು ಕೂತುಕೊಂಡೇ ದಾಟಿದ. ನಾನು ಮತಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ದೇವರ ಹೆಸರು ಹೇಳುತ್ತಾ ದಾಟಿದೆ. ಎಲ್ಲವನ್ನೂ ಚಿತ್ರೀಕರಿಸಬೇಕೆಂಬ ನಿಯಮ ಇದೆಯಲ್ಲ, ನಮ್ಮ ತಂಡದ ವಿಡಿಯೊದವನು ಇದನ್ನೂ ಹಿಡಿದ.

ಅಜ್ಜಿ ಜಗಲಿಯಲ್ಲಿ ಕೂತು ನಮ್ಮ ಸರ್ಕಸ್ಸು ನೋಡುತ್ತಿದ್ದರು. ಅವರ ಬೆರಳಿಗೆ ಶಾಯಿ ಹಚ್ಚಿ, ರಟ್ಟಿನ ಮರೆ ಇಟ್ಟು ನಾವು ಆಚೆ ತಿರುಗಿ ನಿಂತೆವು. ಮತಪತ್ರವನ್ನು ಪೆಟ್ಟಿಗೆಗೆ ಹಾಕಿದ ಮೇಲೆ ಅಜ್ಜಿ ಕ್ಯಾಮೆರಾ ಕಡೆ ಕೈ ತೋರಿಸಿ ಕೇಳಿದರು.

"ಹ್ವಾಯ್, ನೀವ್ ಸಂಕ ದಾಂಟದ್ದ್ ಅದ್ರಗೆ ಬಂದಿತ್ತಾ?"

"ಬಂದಿದೆ ಅಮ್ಮ."

"ಹಂಗಾರೆ ಗೆದ್ದೋರಿಗೆ ಒಂದ್ಸಲ ತೋರ್ಸಿ ಮಾರಾಯ್ರೆ. ಓಟ್ ಕೇಂಬುಕೆ ಬಂದೋರೆಲ್ಲ ಆಚಿ ದಡದಗೇ ನಿಂತ್ ಕೈ ಮುಗ್ದ್ ಹೋದ್ರ್. ನಮ್ಮನಿ ಮಕ್ಕಳ್ ಶಾಲಿಗ್ ಹೋಪ್ದ್ ದಿನಾ ಇದ್ರ ಮೇಲೇ."

"ಅದಾಗುವುದಿಲ್ಲ ಅಮ್ಮ. ಮತದಾನ ಗುಟ್ಟಿನದು. ವಿಡಿಯೊ ಸೀಲ್ ಮಾಡಿ ಇಡುತ್ತೇವೆ, ಯಾರಿಗೂ ತೋರಿಸುವಂತಿಲ್ಲ."

"ಓಟ್ ಗುಟ್ಟ್, ಸಮ. ಸಂಕವೂ ಗುಟ್ಟಾ?"

ಪೆಟ್ಟಿಗೆಯ ಬೀಗವನ್ನು ಇನ್ನೊಮ್ಮೆ ನೋಡಿಕೊಂಡು ಎದ್ದೆ.

ವಾಪಸು ಬರುವಾಗಲೂ ಪೆಟ್ಟಿಗೆಯನ್ನು ಮಗುವಿನ ಹಾಗೆ ಜೋಪಾನವಾಗಿ ದಾಟಿಸಿದೆ. ಓಟು ಹೊಳೆಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ. ಓಟು ಹಾಕಿದವರ ಮನೆ ಮಕ್ಕಳು ಬಿದ್ದರೆ ಯಾರ ಕೆಲಸವೂ ಹೋಗುವುದಿಲ್ಲ.