ಬಂಡಿಯಿಂದ ಇಳಿಯದ ಅಪ್ಪ

ನಮ್ಮಪ್ಪನ ಸಿಟ್ಟು ಆವನಿ ಸುತ್ತಮುತ್ತ ಹೆಸರುವಾಸಿ. ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ ಅದು. ನಮ್ಮ ಕೇರಿಯ ಹುಡುಗನಿಗೆ ಹೊಡೆದವನೊಬ್ಬನ ಕೈ ಮುರಿದು ಮುಳಬಾಗಿಲಿನ ಲಾಕಪ್ಪಿನಲ್ಲಿ ಕೂತು ಬಂದಿದ್ದ. ನನಗಂತೂ ಹೆಮ್ಮೆಯೋ ಹೆಮ್ಮೆ. ನಮ್ಮಪ್ಪ ಅಂದರೆ ಸುಮ್ಮನೇನಾ!

ಆಮೇಲೆ ಒಬ್ಬ ತಾತ ಬಂದ. ತೆಲುಗಿನಲ್ಲಿ ತತ್ವ ಹಾಡಿಕೊಂಡು ಊರೂರು ತಿರುಗುವ ಸಾಧು. ಊರೊಳಗಿನವರು ಕರೆದರೂ ಹೋಗದೆ, ನಮ್ಮ ಗುಡಿಸಲ ಮುಂದೆ ಕೂತು ಅಮ್ಮನ ಕೈಯಿಂದ ಮುದ್ದೆ, ಹುರುಳಿಸಾರು ಕೇಳಿ ಉಂಡ. ತಿಂಗಳೊಪ್ಪತ್ತು ಇದ್ದು ಅಪ್ಪನಿಗೆ ತತ್ವ ಕಲಿಸಿದ. ಅವನು ಹೊರಟ ದಿನ ಅಪ್ಪ ಹೆಂಡ ಬಿಟ್ಟ, ದೊಣ್ಣೆಯನ್ನು ಒಲೆಗೆ ಹಾಕಿದ. ಬೆಳಗಾದರೆ ತಂಬೂರಿ, ತತ್ವ. ರಾಗಿ ಬೀಸುತ್ತಾ ನಾನೂ ದನಿಗೂಡಿಸುತ್ತಿದ್ದೆ. ಎಂಥಾ ಸೊಗಸಾದ ಬೆಳಗುಗಳವು!

"ನನ್ನೊಳಗಿರೋ ದೇವ್ರೇ ಗೌಡ್ರೊಳಗೂ ಅವ್ನೆ. ಅದ್ಕೇ ಹೊಡಿಯಂಗಿಲ್ಲ. ಅದ್ಕೇ ಬಗ್ಗಂಗೂ ಇಲ್ಲ" ಎಂದು ಅಪ್ಪ ಕೇರಿಯವರನ್ನು ಕೂರಿಸಿಕೊಂಡು ಹೇಳುತ್ತಿದ್ದ.

ಬಗ್ಗುವುದಿಲ್ಲ ಎಂದದ್ದು ಬಂಡಿಯ ವಿಷಯಕ್ಕೆ. ಊರಲ್ಲಿ ಯಾರು ಸತ್ತರೂ ನೆಂಟರಿಗೆ ಸುದ್ದಿ ಮುಟ್ಟಿಸುವುದು ನಮ್ಮವರ ಪಾಲಿನ ಕೆಲಸ. ನಡೆದು ಹೋಗಿ ಹೇಳಬೇಕು. ನೆಂಟರು ಬಂಡಿ ಕಟ್ಟಿ ಹೊರಟರೆ ಅದರ ಹಿಂದೆ ಓಡಿಕೊಂಡು ಬರಬೇಕು. "ಸುದ್ದಿ ಒಯ್ತೀವಿ ಸ್ವಾಮಿ. ಆದ್ರೆ ಬರ್ತಾ ಬಂಡೀಲಿ ಕೂತೇ ಬರ್ತೀವಿ" ಎಂದು ಅಪ್ಪ ಕೇರಿಯ ಪರವಾಗಿ ಗೌಡರಿಗೆ ಹೇಳಿದ.

"ಕೂತ್ರೆ ಚರ್ಮ ಸುಲೀತೀನಿ" ಎಂದರು ಗೌಡರು.

ಸ್ವಲ್ಪ ದಿನಕ್ಕೇ ಗೌಡರ ತಾಯಿ ತೀರಿಕೊಂಡರು. ಆಕೆಯ ಮಗಳನ್ನು ಕೊಟ್ಟಿದ್ದದ್ದು ಶ್ರೀನಿವಾಸಪುರದ ದಾರಿಯ ಹಳ್ಳಿಗೆ. "ಬೇರೆ ಯಾರೂ ಬ್ಯಾಡ, ನಾನೇ ಹೋಗ್ತೀನಿ" ಎಂದು ಅಪ್ಪ ಕೋಳಿ ಕೂಗುವ ಹೊತ್ತಿಗೆ ಹೊರಟ.

ಹೊತ್ತು ಇಳಿಯುವ ವೇಳೆಗೆ ಬಂಡಿ ಬಂತು. ಕೇರಿಯವರೆಲ್ಲ ಹುಣಸೆಮರದ ಕೆಳಗೆ ನಿಂತಿದ್ದೆವು. ಅಳುತ್ತಿದ್ದ ಮಗಳ ಹಿಂದೆ, ಬಂಡಿಯ ತುದಿಯಲ್ಲಿ, ಅಪ್ಪ ಕೂತಿದ್ದ! ಗೌಡರು ಓಡಿಬಂದು ಬಂಡಿ ಹೊಡೆಯುವವನ ಬಾರುಕೋಲು ಕಿತ್ತುಕೊಂಡರು.

"ಇಳಿಯೋ ಲೇ!"

ಅಪ್ಪ ಎರಡೂ ಕೈ ಬಿಗಿಯಾಗಿ ಜೋಡಿಸಿ, "ನಿಮ್ಮ ಮನೆ ಬಾಗ್ಲು ಬಂದ್ಮೇಲೆ ಇಳೀತೀನಿ ಸ್ವಾಮಿ" ಎಂದ. ಬರಿಮೈ ಮೇಲೆ ಏಟಿನ ಮೇಲೆ ಏಟು. ನಮ್ಮ ಹುಡುಗರು ಕಲ್ಲು ಎತ್ತಿಕೊಂಡರು. ಅಪ್ಪ ಅವರತ್ತ ನೋಡಿ ಬೇಡವೆಂದು ತಲೆಯಾಡಿಸಿದ. ಕೊನೆಗೆ ಗೌಡರ ಕೈಯೇ ಸೋತಿತು. ಬಂಡಿ ಮನೆ ಬಾಗಿಲಿಗೆ ಹೋಗಿ ನಿಂತಮೇಲೆ ಅಪ್ಪ ಇಳಿದ.

ಆಮೇಲೆ ನಮ್ಮೂರಲ್ಲಿ ಯಾರೂ ಬಂಡಿ ಹಿಂದೆ ಓಡಲಿಲ್ಲ. ಕೋಲಾರದ ಕಡೆಯವರೂ ಅಪ್ಪನನ್ನು ಮುಂದಾಳು ಎಂದು ಕರೆದೊಯ್ಯತೊಡಗಿದರು. ಅದೆಲ್ಲ ಆಮೇಲಿನ ಮಾತು. ಅವತ್ತು ನನಗೆ ಮೈಯೆಲ್ಲ ಉರಿದುಹೋಗಿತ್ತು. ಬೆನ್ನಿಗೆ ಅರಿಶಿನ ಹಚ್ಚುತ್ತಾ, "ಥೂ, ನೀನು ಹೇಡಿ ಕಣಪ್ಪ! ಹೊಡೆಯೋನಿಗೆ ಕೈ ಬೇರೆ ಮುಗ್ದೆಯಲ್ಲ" ಎಂದುಬಿಟ್ಟೆ.

ಅಪ್ಪ ಕೈಗಳನ್ನು ನನ್ನ ಮುಂದೆ ಚಾಚಿದ. ಎರಡರ ಹಿಂಭಾಗದಲ್ಲೂ ಅವನದೇ ಉಗುರು ನಾಟಿ ರಕ್ತ ಹೆಪ್ಪುಗಟ್ಟಿತ್ತು.

"ಮುಗಿದಿದ್ದಲ್ಲ ಅಮ್ಮಣ್ಣಿ. ಈ ಕೈ ಅವ್ರ ಕುತ್ತಿಗೆಗೆ ಹೋಗ್ತಿತ್ತು. ಇನ್ನೊಂದ್ರಲ್ಲಿ ಇದನ್ನ ಹಿಡ್ಕೊಂಡಿದ್ದೆ" ಎಂದ.