ಜಗಳಕ್ಕೆ ಅಂಜುವ ಫಾದರ್
ನಮ್ಮ ಫಾದರ್ ಹರಸದೆ ಬಿಟ್ಟ ವಸ್ತುವೇ ಊರಲ್ಲಿಲ್ಲ. ಹೊಸ ಸ್ಕೂಟರು, ಹಳೇ ಹೊಲಿಗೆ ಯಂತ್ರ, ಮೊಟ್ಟೆ ಇಡದ ಕೋಳಿ, ಏನು ತಂದರೂ ನಗುನಗುತ್ತಾ ಪವಿತ್ರ ಜಲ ಚಿಮುಕಿಸುತ್ತಾರೆ. ಜಗಳವೆಂದರೆ ಮಾತ್ರ ಅವರಿಗೆ ಪುಕ್ಕಲುತನ. ಗಂಡು ಗಂಡು, ಹೆಣ್ಣು ಹೆಣ್ಣು ಜೊತೆಯಾಗಿ ಬಾಳುವವರನ್ನೂ ಹರಸಬಹುದು, ಆದರೆ ಅದು ಮದುವೆಯಂತೆ ಕಾಣಬಾರದು ಎಂದು ರೋಮಿನ ಪೋಪರಿಂದ ಅಪ್ಪಣೆ ಬಂದಾಗ ಚರ್ಚಿನ ಅಂಗಳವೇ ಇಬ್ಭಾಗವಾಯಿತು. "ಇನ್ಮೇಲೆ ಪಾಪಕ್ಕೂ ಆಶೀರ್ವಾದವಂತೆ!" ಎಂದು ಗಾಯನ ತಂಡದ ಅಕ್ಕ ಸಿಡುಕಿದರೆ ಫಾದರ್ "ನೀವು ಹೇಳೋದು ಸರಿ" ಎಂದರು; "ಅವರೂ ದೇವರ ಮಕ್ಕಳಲ್ವಾ?" ಎಂದು ಅಕ್ಕನ ಗಂಡ ಕೇಳಿದರೆ "ನೀವು ಹೇಳೋದೂ ಸರಿ" ಎಂದು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಸುರಿದುಕೊಂಡರು. ಕಳೆದ ಭಾನುವಾರ ಪೂಜೆ ಮುಗಿದಾಗ, ಒಂದೇ ಸೂರಿನಡಿ ಜೊತೆಯಾಗಿ ಬಾಳಿ ಕೂದಲು ನರೆತ ಟೈಲರಮ್ಮ ಮತ್ತು ನರ್ಸಮ್ಮ ಮೆಟ್ಟಿಲ ಬಳಿ ಬಂದರು. "ನಾಳೆ ಇವಳಿಗೆ ಆಪರೇಷನ್ನು ಫಾದರ್. ನಮ್ಮಿಬ್ಬರನ್ನೂ ಒಟ್ಟಿಗೆ ಹರಸ್ತೀರಾ?" ಎಂದರು ನರ್ಸಮ್ಮ. ಒಳಕೋಣೆಗೆ ಕರೆದೊಯ್ಯಬಹುದಿತ್ತು, ಆದರೆ ಫಾದರ್ ಅಲ್ಲೇ, ಎಲ್ಲರೆದುರಿಗೇ, ಇಬ್ಬರ ತಲೆಯ ಮೇಲೂ ಕೈಯಿಟ್ಟರು. "ಇದೇನು ಮದುವೆನಾ ಫಾದರ್?" ಎಂದು ಅಕ್ಕ ಗದರಿದರು. "ಅಲ್ಲಮ್ಮ. ಇಬ್ಬರಿಗೂ ಹೆದರಿಕೆಯಾಗಿದೆ" ಎಂದರು ಫಾದರ್. ಅಕ್ಕ ಇನ್ನೊಂದು ಹೆಜ್ಜೆ ಮುಂದೆ ಬಂದರು; ಆದರೂ ಫಾದರ್ ಕೈ ತೆಗೆಯಲಿಲ್ಲ.